ಅಳಿಯನ ನೀರು

ಅಳಿಯನ ಹವಾಯಿ ಚಪ್ಪಲಿ ಅತ್ತೆಯ ಮಂಚದ ಕೆಳಗೆ ಸಿಕ್ಕಿತು ಎಂದರೆ ಮಾಯಂಜಾ ಹೊಳೆಯ ಈ ದಂಡೆಯಲ್ಲಿ ಯಾರೂ ಅದನ್ನು ಕೇಳಿ ಸುಮ್ಮನೆ ಹೋಗುವುದಿಲ್ಲ. ಇಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಕೈ ಸೋಕಬಾರದು, ಅವಳು ಕೂತ ಚಾಪೆಯಲ್ಲಿ ಕೂರಬಾರದು. ಸೋಕಿದರೆ ಬುಕೊ ಬರುತ್ತದೆ, ಅಂದರೆ ಕೈಕಾಲು ನಡುಗುವ ಕಾಯಿಲೆ. ಅದೆಲ್ಲ ಸುಳ್ಳು ಎನ್ನುವವರೂ ಇದ್ದಾರೆ. ಆದರೆ ಅಂಥವರೂ ಅತ್ತೆ ಎದುರಿಗೆ ಬಂದರೆ ರಸ್ತೆ ಬಿಟ್ಟು ಬಾಳೆತೋಟಕ್ಕೆ ಇಳಿದುಬಿಡುತ್ತಾರೆ.

ಚಪ್ಪಲಿ ತಾನಾಗಿ ನಡೆದು ಹೋಗಿರಲಿಲ್ಲ, ಮಳೆನೀರು ಹೊತ್ತುಕೊಂಡು ಹೋಗಿತ್ತು. ಅಳಿಯ, ಅಂದರೆ ಬಬೀರ್ಯೆಯ ಗಂಡ ಚೆಯೂನೆ, ಹೊಳೆದಂಡೆಯ ಹಳೇ ಕಾಫಿ ಕಾರ್ಖಾನೆಯನ್ನು ಕೊಂಡು, ಕೆಡವಿ, ಮದುವೆಗಳಿಗೆ ಬಾಡಿಗೆ ಕೊಡುವ ಛತ್ರ ಕಟ್ಟಿಸುತ್ತಿದ್ದ. ಜಾಗ ಇಳಿಜಾರು. ಮೇಲೆ ಛತ್ರ, ಅದರ ಕೆಳಗೆ ಬಬೀರ್ಯೆಯ ತಾಯಿಯ ಮನೆ, ಇನ್ನೂ ಕೆಳಗೆ ಜೊಂಡು, ಹೊಳೆ. "ಊರೆಲ್ಲ ಬಿಟ್ಟು ಅತ್ತೆ ನೆತ್ತಿ ಮೇಲೇ ಜಾಗ ಹಿಡಿದ್ಯಲ್ಲೋ ಮಹಾರಾಯ" ಎಂದು ಗೆಳೆಯರು ಆಡಿಕೊಂಡಿದ್ದರು. ಹಟ ಹಿಡಿದು ಕೊಳ್ಳಿಸಿದವಳು ಬಬೀರ್ಯೆಯೇ. ಅಮ್ಮನಿಗೆ ವಯಸ್ಸಾಯಿತು, ಹತ್ತಿರ ಇರೋಣ ಎಂಬ ಆಸೆ ಅವಳದು.

ಕಾರ್ಖಾನೆಯ ಕಾಲದಲ್ಲಿ ಅಂಗಳವೆಲ್ಲ ಮಣ್ಣು, ಕಾಫಿ ಸಿಪ್ಪೆಯ ರಾಶಿ. ಎಷ್ಟು ಮಳೆ ಬಂದರೂ ನೆಲವೇ ಕುಡಿದುಬಿಡುತ್ತಿತ್ತು. ಚೆಯೂನೆಗೆ ಆ ಮಣ್ಣು ಕಂಡರಾಗದು. ಈ ಸೀಮೆಯಲ್ಲಿ ಅಂಗಳಕ್ಕೆ ಸಿಮೆಂಟು ಹಾಕಿಸಿದವನೇ ದೊಡ್ಡ ಮನುಷ್ಯ, ಸಿಮೆಂಟಿಲ್ಲದ ಛತ್ರಕ್ಕೆ ಮದುವೆ ಹೆಣ್ಣು ಕಾಲಿಡುವುದಿಲ್ಲ ಎಂದು ಅವನ ವಾದ. ಗೋಡೆಯಿಂದ ಗೋಡೆಗೆ ನುಣ್ಣಗೆ ಸಿಮೆಂಟು ಬಳಿಸಿದ. ಕೆಲಸ ಮುಗಿದ ದಿನ ಅಲ್ಲೇ ನಲ್ಲಿಯ ಕೆಳಗೆ ಸೋಪು ಹಚ್ಚಿ ಸ್ನಾನ ಮಾಡಿದ, ಹೊಸ ಬೂಟು ಹಾಕಿಕೊಂಡು ಪೇಟೆಗೆ ಹೋದ. ಸಂಜೆ ಹೊಯ್ದ ಮಳೆ ಛಾವಣಿಯ ತಗಡಿನ ಮೇಲಿಂದ ಅಂಗಳಕ್ಕೆ, ಅಂಗಳದಿಂದ ಅತ್ತೆಯ ಹಿತ್ತಿಲ ಬಾಗಿಲಿಗೆ ಒಂದೇ ಉಸಿರಿಗೆ ಇಳಿಯಿತು, ಸೋಪಿನ ನೊರೆ, ಚಪ್ಪಲಿ ಎಲ್ಲ ಸಮೇತ.

ಬಬೀರ್ಯೆಯ ತಾಯಿ ಅವಳಿ ಮಕ್ಕಳನ್ನು ಹೆತ್ತವಳು, ಹಾಗಾಗಿ ಊರಿಗೆಲ್ಲ ನಾಲೋಂಗೊ. ಅವಳು ಕೂಗಾಡಲಿಲ್ಲ. ಒದ್ದೆ ಹಾಸಿಗೆಯನ್ನು ಬೇಲಿಗೆ ಹಾಕಿ, ಪಕ್ಕದ ಊರಿನ ತಮ್ಮನ ಮನೆಗೆ ನಡೆದಳು. ಓಡಿಬಂದ ಮಗಳಿಗೆ ಹೇಳಿದ್ದು ಇಷ್ಟೆ: "ನಿನ್ನ ಗಂಡ ಮಿಂದ ನೀರು ನನ್ನ ಹಾಸಿಗೆ ತನಕ ಬಂತಲ್ಲೇ. ಇನ್ನು ಆ ಮನೇಲಿ ಹೇಗೆ ಮಲಗ್ಲಿ ನಾನು?"

ಬಬೀರ್ಯೆಗೆ ಜೀವವೇ ಹೋದಂತಾಯಿತು. ಅಪ್ಪನನ್ನು ಮಣ್ಣು ಮಾಡಿದ್ದು ಆ ಮನೆಯ ಪಕ್ಕದಲ್ಲೇ. ಬೆಳಗೆದ್ದು ಗೋರಿಯ ಸುತ್ತ ಗುಡಿಸಿ, ಅವನೊಂದಿಗೆ ನಾಲ್ಕು ಮಾತಾಡಿಯೇ ಅಮ್ಮ ಚಹಾಕ್ಕೆ ನೀರಿಡುತ್ತಿದ್ದುದು. ತಮ್ಮನ ಮನೆಯ ಮೂಲೆಯಲ್ಲಿ ಅವಳು ಬಹಳ ದಿನ ಬಾಳುವವಳಲ್ಲ. ಹತ್ತಿರ ಇರೋಣ ಎಂದು ಬಂದು ಅಮ್ಮನನ್ನು ತಾನೇ ಮನೆ ಬಿಡಿಸಿದೆನಲ್ಲ ಎಂದು ಬಬೀರ್ಯೆ ಅತ್ತಳು. ಇತ್ತ ಚೆಯೂನೆ ಗಳಿಗೆಗೊಮ್ಮೆ ಕೈ ಮುಂದೆ ಚಾಚಿ, ನಡುಗುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದ.

"ಗೋಡೆ ಪಕ್ಕ ದೊಡ್ಡ ಚರಂಡಿ ತೆಗೆಸಿ ನೀರನ್ನ ಸೀದಾ ಹೊಳೆಗೆ ಬಿಟ್ಟುಬಿಡ್ತೀನಿ, ಮುಗೀತು" ಎಂದ ಅವನು.

ಪುರಸಭೆಯಿಂದ ಜಾಗ ನೋಡಲು ಬಂದ ಅದೊಂಗ್ ಎಂಬ ಇಂಜಿನಿಯರ್ ಹೆಂಗಸು ಒಪ್ಪಲಿಲ್ಲ. ಅವಳು ಉತ್ತರದ ಕಡೆಯವಳು. ಸೆಬೊ, ಅಂದರೆ ಸ್ವಾಮಿ, ಎಂದು ಕರೆದರೂ ಮಾತು ನೇರ.

"ಸೆಬೊ, ಆ ಚರಂಡಿ ಬಾಯಿ ಎದುರಿಗೆ, ಆಚೆ ದಂಡೇಲಿ ಯಾರ ಮನೆ ಇದೆ ನೋಡಿದ್ರಾ? ಅಷ್ಟು ರಭಸಕ್ಕೆ ಆ ದಂಡೆ ಕುಸಿಯುತ್ತೆ. ನಿಮ್ಮ ಅತ್ತೆ ಮನೆ ತಪ್ಪಿಸಿ ಇನ್ಯಾರದೋ ಅತ್ತೆ ಮನೆಗೆ ನುಗ್ಗಿಸ್ತೀರಾ?"

"ಮತ್ತೆ ನೀರನ್ನ ಏನು ಮಾಡ್ಲಿ ನ್ಯಾಬೊ, ಕುಡಿದುಬಿಡ್ಲಾ?"

"ನೆಲಕ್ಕೆ ಕುಡಿಸಿ. ಅದರ ಬಾಯಿಗೆ ಸಿಮೆಂಟು ಮೆತ್ತಿದೋರು ನೀವೇ ತಾನೆ?"

ಅರ್ಧ ಸಿಮೆಂಟು ಒಡೆಯಬೇಕು, ಅಲ್ಲಿ ಸಂದು ಬಿಟ್ಟು ಕಲ್ಲು ಹಾಸಿ ಹುಲ್ಲು ಬೆಳೆಸಬೇಕು, ತಗಡಿನ ನೀರಿಗೆ ತೊಟ್ಟಿ ಕಟ್ಟಿಸಬೇಕು ಎಂದಳು. ಮಿಕ್ಕ ನೀರು ನಿಂತು ಇಂಗಲು ಕೆಳಗೊಂದು ಅಗಲವಾದ ಹೊಂಡ ಬೇಕು, ಅದೂ ತುಂಬಿದರೆ ನಿಧಾನಕ್ಕೆ ಜೊಂಡಿನೊಳಗೆ ಹರಿಯಬೇಕು. ಹೊಂಡಕ್ಕೆ ತಕ್ಕ ತಗ್ಗು ಇದ್ದದ್ದು ಒಂದೇ ಕಡೆ, ಎರಡು ಜಾಗಗಳ ಗಡಿಯ ಮೇಲೆ. ಅರ್ಧ ಅಳಿಯನದು, ಅರ್ಧ ಅತ್ತೆಯದು.

ಹಾಗಾಗಿ ಮಾತಾಡಲೇಬೇಕಾಯಿತು. ನಾಲೋಂಗೊ ಬಂದು ತನ್ನ ಮನೆಯ ಒಳಗೋಡೆಗೆ ಒರಗಿ ಕೂತಳು. ಚೆಯೂನೆ ಹೊರಗೆ ಹಲಸಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತ. ನಡುವೆ ಹೊಸ್ತಿಲ ಮೇಲೆ ಬಬೀರ್ಯೆ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು, ಆದರೂ ಪ್ರತಿ ಮಾತೂ ಅವಳ ಬಾಯಿಂದಲೇ ಹಾದು ಹೋಗಬೇಕು. ಮದುವೆಯಾದಾಗಿನಿಂದ ಅವಳ ಪಾಡು ಇದೇ.

"ಹೊಂಡಕ್ಕೆ ಅರ್ಧ ಜಾಗ ಬೇಕಂತಮ್ಮ."

"ನಾನೇನು ಕಿವುಡಿನಾ? ಜಾಗ ಕೊಡೋಕೆ ಅಡ್ಡಿ ಇಲ್ಲ ಅನ್ನು. ಆದ್ರೆ ಹೊಂಡ ಇಬ್ಬರದೂ ಆದ್ರೆ ನೀರೂ ಇಬ್ಬರದೂ ಆಗುತ್ತಲ್ಲ? ಒಂದೇ ಚಾಪೇಲಿ ಕೂರಬಾರದೋರು ಒಂದೇ ಹೊಂಡ ಇಟ್ಕೊಳ್ಳೋದಾ?"

"ಹಾಗಾದ್ರೆ ಪೂರ್ತಿ ನಾನೇ ಕೊಂಡ್ಕೋತೀನಿ ಅನ್ನು" ಎಂದ ಚೆಯೂನೆ ಮರದ ಕಡೆ ನೋಡುತ್ತ.

"ಆಗ ಅಳಿಯನ ಹೊಂಡ ನನ್ನ ಬಾಗಿಲಿಗೇ ಬಂತಲ್ಲ. ಬ್ಯಾಡ ಅನ್ನು."

"ಅವರೇ ಇಟ್ಕೊಳ್ಳಲಿ ಅನ್ನು, ಪೂರ್ತಿ."

"ನನ್ನ ಹೊಂಡದೊಳಗೆ ಅವನ ನೀರು ಬಿಡ್ತಾನಂತಾ? ಚೆನ್ನಾಗಿದೆ."

ಮಾತು ಗಾಣದೆತ್ತಿನ ಹಾಗೆ ಸುತ್ತಿತು. ಬಬೀರ್ಯೆಗೆ ಒಳಗೊಂದು ದನಿ, ಹೊರಗೊಂದು ದನಿ ತಿರುಗಿಸಿ ತಿರುಗಿಸಿ ಕುತ್ತಿಗೆ ನೋವು ಬಂತು, ಆಮೇಲೆ ಸಿಟ್ಟು ಬಂತು. ಎದ್ದು ನಿಂತಳು.

"ಇಷ್ಟು ವರ್ಷ ನಿಮ್ಮಿಬ್ಬರ ಮಾತು ಹೊತ್ತಿದೀನಿ, ನೀರೂ ನಾನೇ ಹೊರ್ತೀನಿ. ಅಮ್ಮನರ್ಧ, ನಿಮ್ಮರ್ಧ, ಎರಡನ್ನೂ ನನ್ನ ಹೆಸರಿಗೆ ಮಾಡಿ. ನಿಮ್ಮ ನೀರು ನಿಮ್ಮ ಹೆಂಡ್ತಿ ಜಾಗಕ್ಕೆ ಬರುತ್ತೆ. ಅಮ್ಮಾ, ನಿನ್ನ ಪಕ್ಕದಲ್ಲಿ ನಿನ್ನ ಮಗಳ ಹೊಂಡ ಇರುತ್ತೆ. ಇದಕ್ಕೂ ತಕರಾರಿದ್ರೆ ನೀವಿಬ್ಬರೇ ಎದುರು ಬದರು ಕೂತು ಮಾತಾಡ್ಕೊಳ್ಳಿ. ನಾನು ಹೋಗ್ತೀನಿ."

ಹಲಸಿನ ಮರದಲ್ಲಿ ಹಕ್ಕಿಯೊಂದು ಎಲೆ ಉದುರಿಸಿತು.

"ಕೊಟ್ಟೆ ಅನ್ನು" ಎಂದಳು ಕೊನೆಗೆ ನಾಲೋಂಗೊ.

"ಯಾರಿಗೆ ಅನ್ಲಿ? ಕೊಟ್ಟಿದ್ದು ನನಗಲ್ವಾ?"

ಚೆಯೂನೆ ಮೆಲ್ಲಗೆ ಗೊಣಗಿದ, "ಅಷ್ಟು ಅಂಗಳ ಹೋದ್ರೆ ಕಾರುಗಳು ಎಲ್ಲಿ ನಿಲ್ಲಬೇಕು?"

"ಕಾರು ರಸ್ತೇಲಿ ನಿಂತ್ರೆ ಅದಕ್ಕೇನು ಬುಕೊ ಬರಲ್ಲ ಅನ್ನು" ಎಂದು ಒಳಗಿಂದ ಬಂತು. ಚೆಯೂನೆ ನಕ್ಕುಬಿಟ್ಟ. ಒಳಗೂ ಸಣ್ಣ ನಗೆ ಕೇಳಿತು. ಆ ಎರಡು ನಗೆಗಳನ್ನು ಮಾತ್ರ ಯಾರೂ ದಾಟಿಸಬೇಕಾಗಲಿಲ್ಲ.

ಆದರೆ ನಾಲೋಂಗೊ ಅಂದೂ ಮನೆಯಲ್ಲಿ ಉಳಿಯಲಿಲ್ಲ. ಮೊದಲು ಮಳೆ ಬರಲಿ, ಆಮೇಲೆ ನೋಡೋಣ ಎಂದು ತಮ್ಮನ ಮನೆಗೇ ಹೊರಟಳು. ಸಿಮೆಂಟು ಒಡೆಯುವ ದಿನ ಚೆಯೂನೆಯ ಮುಖ ನೋಡುವಂತಿರಲಿಲ್ಲ. ಅದೊಂಗ್ ದಾರ ಕಟ್ಟಿ ಇಳಿಜಾರು ತೋರಿಸಿದಳು. ಬಬೀರ್ಯೆ ಹೊಂಡಕ್ಕೆ ತೆಗೆದ ಸಣ್ಣ ಕಾಲುವೆಗಳ ಉದ್ದಕ್ಕೂ ಕೆಸುವಿನ ಗೆಡ್ಡೆ ಊರಿದಳು, ಹೊಂಡದ ಅಂಚಿಗೆ ಜೊಂಡು ತಂದು ನೆಟ್ಟಳು. ತನ್ನದೆಂಬ ಒಂದು ಹಿಡಿ ಮಣ್ಣು ಅವಳಿಗೆ ಅದುವರೆಗೆ ಇರಲಿಲ್ಲ. ಅಡುಗೆ ಇಳಿಸಿ ಬಂದು ಸುಮ್ಮನೆ ಅದರ ದಡದಲ್ಲಿ ನಿಲ್ಲುವ ಚಾಳಿ ಹತ್ತಿತು.

ಮಳೆ ಒಂದು ಮಧ್ಯಾಹ್ನ ಬಂತು, ಕಣ್ಣು ಕಾಣದಷ್ಟು ಜೋರಾಗಿ. ಬಬೀರ್ಯೆ ತಲೆಗೆ ಬಾಳೆಲೆ ಹಿಡಿದು ಹೊಂಡದ ಹತ್ತಿರ ಓಡಿದಳು. ಮೇಲಿಂದ ಕೆಂಪು ನೀರು ಬಂದೇ ಬಂತು. ಕಲ್ಲುಗಳ ಸಂದಿನಲ್ಲಿ ಅಷ್ಟು ಇಳಿಯಿತು, ಕೆಸುವಿನ ಬುಡಗಳಲ್ಲಿ ಅಷ್ಟು ತಡೆಯಿತು, ಉಳಿದದ್ದು ಹೊಂಡಕ್ಕೆ ಬಿದ್ದು ಏರತೊಡಗಿತು. ಅಮ್ಮನ ಮನೆಯ ಕಡೆಯ ಏರಿಗೆ ಗೇಣು ಉಳಿಯಿತು, ಆಮೇಲೆ ಬೆರಳಗಲ ಉಳಿಯಿತು. ಅವಳು ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ನೀರು ಕೆಳಗಡೆಯ ಕಲ್ಲಿನ ತೂಬನ್ನು ಕಂಡುಕೊಂಡು, ಅವಸರವಿಲ್ಲದೆ ಜೊಂಡಿನೊಳಗೆ ಹರಿಯಿತು. ಹಿತ್ತಿಲ ಬಾಗಿಲ ಮುಂದೆ ಮಳೆಹನಿಯ ಗುಳಿಗಳು ಬಿಟ್ಟರೆ ಏನೂ ಇರಲಿಲ್ಲ.

ತಿರುಗಿ ನೋಡಿದರೆ ಕೊಡೆ ಹಿಡಿದು ನಾಲೋಂಗೊ ನಿಂತಿದ್ದಾಳೆ. ತಮ್ಮನ ಮನೆಯಲ್ಲಿ ಮೋಡ ಕಂಡವಳಿಗೆ ಕೂರಲಾಗದೆ ಅಷ್ಟು ದೂರ ನೆನೆಯುತ್ತ ಬಂದಿದ್ದಳು. ಮೇಲೆ ಛತ್ರದ ಮೂಲೆಯಲ್ಲಿ ಚೆಯೂನೆ, ಅತ್ತೆಯನ್ನು ಕಂಡೊಡನೆ ಬೆನ್ನು ತಿರುಗಿಸಿದ.

"ಇದು ಅವನ ನೀರಾ?" ನಾಲೋಂಗೊ ಕೇಳಿದಳು.

"ಅಲ್ಲಮ್ಮ. ನನ್ನದು."

ನಾಲೋಂಗೊ ಕೊಡೆ ಮಡಿಸಿ ಮಗಳ ಕೈಗೆ ಕೊಟ್ಟಳು. ಬಟ್ಟೆಯನ್ನು ತುಸು ಎತ್ತಿ ಹಿಡಿದು, ಮಗಳ ಭುಜ ಆತುಕೊಂಡು, ಆ ಕೆಂಪು ನೀರಿಗೆ ಕಾಲು ಇಳಿಬಿಟ್ಟಳು. ದಾರಿಯ ಕೆಸರನ್ನು ಒಂದೊಂದೇ ಕಾಲಿನಿಂದ ಉಜ್ಜಿ ಉಜ್ಜಿ ತೊಳೆದುಕೊಂಡಳು.

"ಇವತ್ತು ಇಲ್ಲೇ ಮಲಗ್ತೀನಿ" ಎಂದಳು. "ಅವನಿಗೆ ಹೇಳು."

ಬಬೀರ್ಯೆ ಗಂಡನ ಕಡೆ ತಿರುಗಿ, ಅಮ್ಮ ಇವತ್ತು ಇಲ್ಲೇ ಮಲಗ್ತಾಳಂತೆ ಎಂದು ಕೂಗಿ ಹೇಳಿದಳು.