ಹದಿನೇಳನೆಯ ಡಬ್ಬಿ

ಜೂಲಿಯ ಮೆಸೇಜನ್ನು ಕಣ್ಣಿನ ಶಿಬಿರ ನಡೆಸುವ ಗ್ರೇಸ ಮೂರು ಸಲ ಓದಿದಳು. 'ಅಕ್ಕಾ, ಅವ್ವನ ಕಿಟ್ ಇದ್ದ ಹದಿನೇಳನೇ ಡಬ್ಬಿ ಅರ್ಧ ಖಾಲಿ ಉಳದಿತ್ತು. ಅವ್ವಗ ಸ್ವೆಟರ್, ಬಿಸ್ಕೀಟ್ ಇಟ್ಟೇನಿ.'

ಔರಾದದವರು ನೆರೆಮನೆಯ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಒಂದು ಹಿಡಿ ಶೇಂಗಾವಾದರೂ ಹಾಕಿ ಕೊಡುತ್ತಾರೆ. ಜರ್ಮನಿಯಲ್ಲಿ ನರ್ಸಾಗಿರುವ ಜೂಲಿ ಅದನ್ನು ಮರೆತಿರಲಿಲ್ಲ. ದಾನಿಗಳ ಗೋದಾಮಿನಲ್ಲಿ ನಿಂತು, ಕಣ್ಣಿನ ಆಪರೇಷನ್ ಕಿಟ್‌ಗಳ ಇಪ್ಪತ್ನಾಲ್ಕು ಡಬ್ಬಿ ಕಟ್ಟಿಸಿದವಳು ಅವಳೇ. ಬೀದರ, ಭಾಲ್ಕಿ, ಔರಾದದ ರೋಗಿಗಳ ಕಣ್ಣು ಅಳೆದು ತರಿಸಿದ ಲೆನ್ಸ್‌ಗಳು ಅವುಗಳಲ್ಲಿದ್ದವು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಆದರೆ ಕಸ್ಟಮ್ಸ್‌ಗೆ ಕೊಟ್ಟ ಪಟ್ಟಿಯಲ್ಲಿ ಸ್ವೆಟರ್ ಇರಲಿಲ್ಲ. ಪಟ್ಟಿಗೆ ಸಹಿ ಗ್ರೇಸಳದು.

ಔರಾದದ ಶಾಲೆಯ ಪಡಸಾಲೆಯಲ್ಲಿ ನಾಳೆಯ ಶಿಬಿರಕ್ಕೆ ಹೆಸರು ಬರೆಸಿದವರು ಕೂತಿದ್ದರು. ಎದುರಿಗೇ ಜೂಲಿಯ ತಾಯಿ ಹೀರಾಬಾಯಿ. ಗ್ರೇಸ ಮೂಲೆಗೆ ಸರಿದು, ಕಸ್ಟಮ್ಸ್‌ನಿಂದ ಡಬ್ಬಿ ಬಿಡಿಸುವ ಹೈದರಾಬಾದಿನ ಏಜೆಂಟ್ ಅಯ್ಯುಬನಿಗೆ ಫೋನ್ ಮಾಡಿದಳು. ತಪಾಸಣೆಗೆ ಕಸ್ಟಮ್ಸ್ ಸಾಹೇಬರು ಅಲ್ಲಿನ ಗೋದಾಮಿಗೆ ಬಂದಾಗಿತ್ತು.

"ಎರಡೇ ಡಬ್ಬಿ ತೆಗಸ್ತಾರ್ರಿ ಮೇಡಮ್," ಎಂದ ಅಯ್ಯುಬ ದನಿ ತಗ್ಗಿಸಿ. "ಸುಮ್ಮ ಕೂಡ್ರಿ. ಹೇಳಿದ್ರ ಆ ಡಬ್ಬಿ ಖರೇನs ಹೋಯ್ತು."

"ಹದಿನೇಳನೇದೇ ತೆಗಸಿದ್ರ?"

"ಆವಾಗ ಇಪ್ಪತ್ನಾಕೂ ಅಲ್ಲೇ ಕೂಡ್ತಾವ್ರಿ. ತಿಂಗಳೋ, ಎರಡೋ."

ಗ್ರೇಸ ತಿರುಗಿ ನೋಡಿದಳು. ಹೀರಾಬಾಯಿ ದನಿ ಬಂದ ಕಡೆಗೆ ಮುಖ ಮಾಡಿ ಕೂತಿದ್ದಳು. ಹದಿನೇಳನೆಯದರಲ್ಲಿ ಐವರ ಕಣ್ಣುಗಳಿದ್ದವು. ಉಳಿದವುಗಳಲ್ಲಿ ಇನ್ನೂರ ಮೂವತ್ತು ಮಂದಿಯವು.

"ಹೇಳಿಬಿಡ್ರಿ ಅಯ್ಯುಬಭಾಯಿ. ನಾನೇ ತಿಳಿಸೀನಿ ಅನ್ರಿ. ಕಾಗದ ಈಗೇ ಕಳಸ್ತೇನಿ."

ನಿಂತಲ್ಲೇ ಕಾಗದ ಬರೆದು, ಫೋಟೋ ತೆಗೆದು ಕಳಿಸಿದಳು. ಆಮೇಲೆ ಮುಕ್ಕಾಲು ಗಂಟೆ ಫೋನಿನಿಂದ ಕಣ್ಣು ಕೀಳಲಿಲ್ಲ. ಯಾರೋ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು.

ಕೊನೆಗೆ ಅಯ್ಯುಬನೇ ಫೋನ್ ಮಾಡಿದ. ಹದಿನೇಳನೆಯದನ್ನು ತಡೆಹಿಡಿದಿದ್ದರು, ಉಳಿದ ಇಪ್ಪತ್ಮೂರು ಲಾರಿಗೆ ಏರುತ್ತಿದ್ದವು. ಆಮೇಲೆ ಅಂದ, "ಸಾಹೇಬರು ಮೂರನೇದು, ಇಪ್ಪತ್ತನೇದು ತೆಗಸಿ ನೋಡಿ, ಎಲ್ಲಾ ಸರಿ ಅಂತ ಬರದು ಪೆನ್ ಮುಚ್ಚಲಿಕ್ಕೆ ಹತ್ತಿದ್ರು. ನಾ ಆವಾಗ ಹೇಳಿದೆ."

ಗ್ರೇಸ ಫೋನ್ ಇಟ್ಟಳು. ಹೋಗಿ ಹೀರಾಬಾಯಿಯ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದಳು. ನಾಳೆ ಆಪರೇಷನ್ ಆಗುವುದಿಲ್ಲ, ಡಬ್ಬಿ ಯಾವಾಗ ಬಿಡುತ್ತಾರೋ ತಿಳಿಯದು ಎಂದಳು. ತಾನೇ ಹೇಳಿಸಿದ್ದು ಎಂಬುದನ್ನೂ ಮುಚ್ಚಿಡಲಿಲ್ಲ.

ಮುದುಕಿ ಸೆರಗಿನ ಅಂಚು ತಿರುವಿದಳು.

"ಸ್ವೆಟರ್ ಬಣ್ಣ ಯಾವ್ದಂತವ್ವಾ?"

ಗ್ರೇಸಳಿಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆಂದು ಪಟ್ಟಿ ಹಿಡಿದು ಎದ್ದಳು. ಇನ್ನೂ ನಾಲ್ವರಿಗೆ ಹೇಳಬೇಕಿತ್ತು.