ಮದ್ದು ತಪ್ಪಿ ಹುಟ್ಟಿದವಳು

"ಬಲಮಗ್ಗುಲಿಗೆ ಹೊಳ್ಳಿಸ್ರೇ, ಬೆನ್ನಿಗೆ ನೀರು ಬೀಳ್ಲಿ" ಎಂದು ಶಾರದಮ್ಮ ಚೊಂಬು ಎತ್ತಿದಳು. "ಬದುಕಿದ್ದಾಗಂತೂ ಹೊಳ್ಳಲಿಲ್ಲ, ಮಹಾತಾಯಿ!"

ಗಂಗಲಕ್ಷ್ಮಿ ಸತ್ತ ಅವ್ವನನ್ನು ತೋಳು ಹಿಡಿದು ಹೊರಳಿಸಿದಳು. ಸೋದರತ್ತೆಯ ಈ ಮಾತು ಅವಳಿಗೆ ಹೊಸದೇ? ತಳಕಿನ ಕಡೆಯ ಆ ಹಟ್ಟಿಯಲ್ಲಿ ಅವಳ ಹುಟ್ಟಿನ ಕತೆ ಗೊತ್ತಿಲ್ಲದವರೇ ಇರಲಿಲ್ಲ. ಗಂಡಾಗಲೆಂದು ಬೇರು ಅರೆದು, ಹೋರಿಗರು ಹಾಕಿದ ಹಸುವಿನ ಹಾಲಲ್ಲಿ ಕಲಸಿ ಬಸುರಿ ಅವ್ವ ತಿಪ್ಪೇರುದ್ರಮ್ಮನಿಗೆ ಕುಡಿಸಿದ್ದರು. ಬಲಮಗ್ಗುಲಲ್ಲೇ ಮಲಗಬೇಕೆಂದು ಕಟ್ಟಪ್ಪಣೆ ಬೇರೆ. ಅಷ್ಟೆಲ್ಲ ಸಡಗರ ಮಾಡಿದ ಮೇಲೆ ಹುಟ್ಟಿದ್ದು ಇವಳು! ಆಮೇಲೆ ಇನ್ನೊಂದು ಮಗುವಾಗಲಿಲ್ಲ. 'ಮದ್ದು ತಪ್ಪಿ ಹುಟ್ಟಿದ್ದು' ಎಂದೇ ಇವಳಿಗೆ ಹೆಸರು ನಿಂತಿತು.

"ಕಿವಿನೋವು ಅಂತ ನೆವ ಹೇಳಿ ಎಡಕ್ಕೇ ಮಲಗ್ತಿದ್ಲು. ಈಗ ನೋಡು, ಮಣ್ಣು ಮಾಡಾಕೆ ಮೈದುನನ ಮಗನ್ನ ಕರೆಸ್ಬೇಕಾಯ್ತು" ಎಂದಳು ಶಾರದಮ್ಮ.

ಅವ್ವನಿಗೆ ಕಿವಿನೋವು ಇದ್ದದ್ದು ಗಂಗಲಕ್ಷ್ಮಿಗೆ ನೆನಪಿಲ್ಲ.

*

ಮೊಳಕಾಲ್ಮೂರಿನಿಂದ ಅವ್ವನನ್ನು ನೋಡಲು ಬಂದಾಗೆಲ್ಲ ಗಂಗಲಕ್ಷ್ಮಿ ನಿಂತ ಕಾಲಲ್ಲೇ ಹೊರಡುವವಳು.

"ಇನ್ನೊಂದು ಗಳಿಗೆ ಕೂತ್ಕಾ, ಮಾತಾಡಾನ."

"ಮಗ್ಗದಾಗೆ ಸೀರೆ ಅರ್ಧಕ್ಕೈತೆ ಅವ್ವ."

ಕಳೆದ ಸಲ ಮಾತ್ರ, ರಸ್ತೆಗೆ ಬಂದು ನಿಂತಾಗ, ಜನ್ಮವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಬಿಟ್ಟಿದ್ದಳು. "ನಾನು ಗಂಡಾಗಿದ್ರೆ ಚೆನ್ನಾಗಿರ್ತಿತ್ತು ಅಂತ ನಿನಗೂ ಅನ್ನಿಸ್ತದಾ?"

ತಿಪ್ಪೇರುದ್ರಮ್ಮ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು.

"ಮುಂದಿನ ಸಲ ಬಂದಾಗ ಕೂತ್ಕಾ, ಹೇಳ್ತೀನಿ."

ಮುಂದಿನ ಸಲ ಎಂದರೆ ಇವತ್ತು.

*

ಮಣ್ಣು ಮುಚ್ಚಿ ಎಲ್ಲರೂ ಕೈಕಾಲು ತೊಳೆಯಲು ಹೋದರು. ಹಟ್ಟಿಯ ದನ ಕಾಯುತ್ತಿದ್ದ ಮುದುಕ ಕಾಮಣ್ಣ ಮಾತ್ರ ಕೋಲೂರಿಕೊಂಡು ನಿಂತಿದ್ದ.

"ಅವತ್ತು ಮದ್ದಿಗೆ ಹಾಲು ತಂದಿದ್ದು ನಾನೇ ಕಣವ್ವ."

"ಗೊತ್ತು. ಹೋರಿಗರು ಹಾಕಿದ ಹಸುವಿಂದು."

"ಅಲ್ಲ. ಹೆಣ್ಗರು ಹಾಕಿದ್ದು. ನಿಮ್ಮವ್ವ ಬಾವಿ ತಾವ ಕೈ ಮುಗಿದ್ಲು. 'ಅಣ್ಣ, ಈ ಮನ್ಯಾಗೆ ನನ್ನ ಕೂಡೆ ಮಾತಾಡಾರೇ ಇಲ್ಲ. ನನಗೊಬ್ಬ ಮಗಳು ಬೇಕು. ಯಾರಿಗೂ ಹೇಳಬ್ಯಾಡ' ಅಂದ್ಲು. ಅದಕ್ಕೇ ಕಣವ್ವ, ಬಲಕ್ಕೂ ಮಲಗಲಿಲ್ಲ."

ಗಂಗಲಕ್ಷ್ಮಿ ಅವನ ಕಡೆ ತಿರುಗಿದಳು.

"ಹಾಲಿಂದ, ಮಗ್ಗುಲಿಂದ ಏನೂ ಆಗಾಕಿಲ್ಲ ಬಿಡು" ಎಂದ ಕಾಮಣ್ಣ. "ಆದ್ರೆ ಅವಳು ಬೇಡಿದ್ದು ನಿನ್ನೇ."

"ಅಯ್ಯೋ, ಅವ್ವ ನನಗ್ಯಾಕೆ ಹೇಳಲಿಲ್ಲ ಕಾಮಣ್ಣಜ್ಜ?"

"ನೀನು ಯಾವತ್ತು ಕೂತಿದ್ದೆ?"

ಅವನು ಹೋದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ರಸ್ತೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹಾರ್ನ್ ಹೊಡೆಯಿತು, ಸ್ವಲ್ಪ ಹೊತ್ತು ನಿಂತು ಹೊರಟುಹೋಯಿತು. ಗಂಗಲಕ್ಷ್ಮಿ ಹಸಿಮಣ್ಣಿನ ಪಕ್ಕ ಕಾಲು ಮಡಚಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಗ್ಗದ ಮ್ಯಾಲಿರೋ ಸೀರೆ ಹಸಿರು ಬಣ್ಣದ್ದವ್ವ" ಎಂದಳು. "ಅಂಚು ಕೆಂಪು..."