ಏರಿಸಿದ ಡೋಸು

"ಮಾತ್ರೇನ ಮಾರ್ಕೊಂಡವ್ನೆ. ನಿಮ್ಮೋರ ಕಥೆ ನಮಗೆ ಗೊತ್ತಿಲ್ವಾ?" ನರ್ಸ್ ಇಂದ್ರಮ್ಮ ರಿಜಿಸ್ಟರು ಮುಚ್ಚಿದಳು. "ಹೆಸರು ಹೊಡೆದಾಕ್ತೀವಿ, ಹೋಗಿ."

ಮಾರಕ್ಕನ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಮಗ ಭೀಮರಾಜು ಮೂಗು ಸುರಿಸುತ್ತ, ಹೊಟ್ಟೆ ಹಿಡಿದು ಮುದುರಿ ಕೂತಿದ್ದ. ಕಲ್ಲು ಹೊರುವಾಗ ಬೆನ್ನು ಹಿಡಿದುಕೊಂಡಿತೆಂದು ಯಾವನೋ ಮೆಡಿಕಲ್ ಸ್ಟೋರಿನವನು ಕೊಟ್ಟ ನೋವಿನ ಗುಳಿಗೆ ಎರಡೇ ವರ್ಷದಲ್ಲಿ ಅವನನ್ನು ನುಂಗಿ ನೀರು ಕುಡಿದಿತ್ತು. ಆ ಚಟ ಬಿಡಿಸಲೆಂದೇ ನಿಡುಗಲ್ಲಿನಿಂದ ಎರಡು ಬಸ್ಸು ಬದಲಿಸಿ ಈ ಆಸ್ಪತ್ರೆಗೆ ಬರುತ್ತಿದ್ದರು. ಇಲ್ಲಿ ಕೊಡುವ ಮಾತ್ರೆಯ ಡೋಸು ಹದಿನೈದು ದಿನದಲ್ಲಿ ಎರಡು ಸಲ ಏರಿಸಿದರೂ ನಡುಕ ನಿಂತಿರಲಿಲ್ಲ. ಇದೂ ಕೈತಪ್ಪಿದರೆ ಅವನು ಮತ್ತೆ ಆ ಅಂಗಡಿ ಮುಂದೆ ನಿಲ್ಲುವವನೇ.

"ಮಾರ್ಕೊಳಾಕೆ ಅವನತ್ರ ಎಲ್ಲೈತೆ ಕಣಮ್ಮ? ದಿನಾ ಮನ್ಯಾಗೆ ನಾನೇ ಕೈಯಾರೆ ತಿನ್ನುಸ್ತೀನಿ" ಎಂದಳು ಮಾರಕ್ಕ.

ಗದ್ದಲ ಕೇಳಿ ಡಾಕ್ಟರ್ ಶ್ರುತಿ ಹೊರಗೆ ಬಂದರು. "ಹೇಗೆ ತಿನ್ನಿಸ್ತೀರಮ್ಮ?"

"ಇನ್ನೆಂಗೆ? ಕಹಿ ಅಂತಾನೆ. ಮುದ್ದೆ ತುತ್ತಿನಾಗೆ ಮುಚ್ಚಿ, ಸಾರಿಗೆ ಅದ್ದಿ ಕೊಡ್ತೀನಿ. ಗುಳುಂ ಅಂತ ನುಂಗ್ತಾನೆ."

ಡಾಕ್ಟರು ಹಣೆ ಹಿಡಿದುಕೊಂಡರು. "ಅದು ನುಂಗೋ ಮಾತ್ರೆ ಅಲ್ಲಮ್ಮ. ನಾಲಗೆ ಕೆಳಗಿಟ್ಟು ಕರಗಿಸಬೇಕು. ನುಂಗಿದರೆ ಸರಿಯಾಗಿ ಕೆಲಸ ಮಾಡಲ್ಲ. ಯಾರೂ ಹೇಳಲಿಲ್ವಾ?"

"ಚೀಟೀಲಿ ಬರೆದಿದ್ನಲ್ಲ ಮೇಡಂ" ಎಂದಳು ಇಂದ್ರಮ್ಮ.

ಬರೆದಿದ್ದಳು ಪುಣ್ಯಾತ್ಗಿತ್ತಿ, ಇಂಗ್ಲಿಷಿನಲ್ಲಿ. ಮೊದಲ ದಿನ ಮಾತ್ರೆಯನ್ನು ಅವನ ಅಂಗೈಗೆ ಹಾಕಿ, ಕಿವಿಗೆ ಫೋನಿಟ್ಟುಕೊಂಡು ಹೋದವಳು ತಿರುಗಿ ನೋಡಿರಲಿಲ್ಲ. ಈಗ ಕಂಡವರ ಮಗನನ್ನು ಕಳ್ಳನೆನ್ನಲು ಮಾತ್ರ ನಾಲಗೆ ಮೊಳದುದ್ದ. ಹೆತ್ತ ಮಗನಿಗೆ ತಾನೇ ಹದಿನೈದು ದಿನ ನರಕ ಉಣ್ಣಿಸಿದೆನಲ್ಲ ಎಂದು ಮಾರಕ್ಕ ಮಗನ ಬೆನ್ನು ಸವರಿದಳು.

"ಏರಿಸಿದ್ದು ಸಾಕು. ಮತ್ತೆ ಸಣ್ಣ ಡೋಸಿನಿಂದ ಶುರು ಮಾಡೋಣ" ಎಂದ ಡಾಕ್ಟರು ತಾವೇ ಮಾತ್ರೆಯನ್ನು ಭೀಮರಾಜುವಿನ ನಾಲಗೆಯಡಿ ಇಟ್ಟರು. "ಕರಗೋ ತನಕ ಮಾತಾಡಬೇಡ, ಉಗುಳು ನುಂಗಬೇಡ."

ಅವರು ಒಳಗೆ ಹೋದದ್ದೇ ತಡ, ಇಂದ್ರಮ್ಮ ಅವನತ್ತ ತಿರುಗಿದಳು. "ನೀನಾದ್ರೂ ಕೇಳ್ಬೇಕಿತ್ತು ತಾನೆ? ಬಾಯಿಲ್ವಾ ನಿಂಗೆ?"

ಭೀಮರಾಜು ತುಟಿ ಬಿಗಿಹಿಡಿದು ತಾಯಿಯನ್ನು ನೋಡಿದ. ಬಂದಾಗಲೆಲ್ಲ ಇಂದ್ರಮ್ಮನ ಮೇಜಿನ ಮುಂದೆ ನಿಂತೇ ಮಾತಾಡಿದ್ದ ಮಾರಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು.

"ಅವನು ಈಗ ಬಾಯಿ ಬಿಡಂಗಿಲ್ಲ. ಏನು ಕೇಳ್ತೀಯೋ ನನ್ನ ಕೇಳು."

ಇಂದ್ರಮ್ಮ ನಿಂತೇ ಇದ್ದಳು.